ದುಭಾಷಿಯ ಬೆವರು

ಬೆನಿನ್ ನಗರದ ಆ ಚರ್ಚಿನಲ್ಲಿ ಪಾಸ್ಟರ್ ಇಗೋದಾರೋ ಇಂಗ್ಲಿಷಿನಲ್ಲಿ ಗುಡುಗಿದರೆ, ಪಕ್ಕದಲ್ಲೇ ನಿಂತು ಅದನ್ನು ಊರಿನವರ ಎಡೋ ಭಾಷೆಯಲ್ಲಿ ಗುಡುಗುವವನು ಎಸೋಸಾ. ಹಿಂದೆ ಬಸ್ಸಿನ ಬಾಗಿಲಿಗೆ ಜೋತುಬಿದ್ದು ಊರುಗಳ ಹೆಸರು ಕೂಗುತ್ತಿದ್ದವನ ಗಂಟಲು ಮೆಚ್ಚಿ ಪಾಸ್ಟರೇ ಕೈಗೆ ಮೈಕು ಕೊಟ್ಟಿದ್ದರು. ಆ ಮೈಕು ಬಿಟ್ಟರೆ ಅವನಿಗೆ ಬೇರೆ ಗತಿಯಿರಲಿಲ್ಲ.

ಕಂಕುಳು ಮಾತ್ರ ಅವನ ಮಾತು ಕೇಳುತ್ತಿರಲಿಲ್ಲ. ಕೈಯೆತ್ತಿದರೆ ಸಾಕು, ಬೆವರು ಕೋಟನ್ನು ತೋಯಿಸಿ ಸೊಂಟದವರೆಗೆ ಇಳಿಯುತ್ತಿತ್ತು. ಅವನು ನಾಚಿ ಸಾಯುತ್ತಿದ್ದ. ಜನಕ್ಕೆ ಕಂಡದ್ದೇ ಬೇರೆ. ಒಳಗೆ ಪವಿತ್ರಾತ್ಮ ಉರಿಯದೆ ಇಷ್ಟು ಬೆವರು ಎಲ್ಲಿಂದ ಬರಬೇಕು? ಬಾಳೆಕಾಯಿ ಸುಟ್ಟು ಮಾರುವ ಇಯೊಬೊ ಅಜ್ಜಿ ಒಂದು ಭಾನುವಾರ ಕರ್ಚೀಫು ಹಿಡಿದು ಬಂದಳು.

"ಇದನ್ನ ಒಂಚೂರು ಕಂಕುಳಲ್ಲಿಟ್ಕೊಂಡು ಕೊಡಪ್ಪ. ಮೊಮ್ಮಗಳಿಗೆ ಜ್ವರ."

"ಪಾಸ್ಟರ್ ಹತ್ರ ಹೋಗಜ್ಜಿ."

"ಅವ್ರು ಫ್ಯಾನ್ ಕೆಳಗೆ ನಿಂತಿರ್ತಾರೆ, ಒಣಕಲು. ನೀನೇ ಕೊಡು."

ಜ್ವರ ಇಳಿಯಿತು. ಬಂದ ಜ್ವರ ಇಳಿಯದೆ ಇನ್ನೇನು ಮಾಡೀತು? ಮುಂದಿನ ವಾರದಿಂದ ಆಶೀರ್ವಾದಕ್ಕೆ ಪಾಸ್ಟರ ಮುಂದೆ ನಿಲ್ಲುತ್ತಿದ್ದ ಸಾಲು ಕರಗಿ ಎಸೋಸಾನ ಮುಂದೆ ಬೆಳೆಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಈ ಪೂಜಾರಿ ಇನ್ನೂ ಜಾಣ. ಪಾಸ್ಟರು ಎಸೋಸಾನನ್ನು ಕೋಣೆಗೆ ಕರೆದು ಹೆಗಲ ಮೇಲೆ ಕೈಯಿಟ್ಟರು.

"ಮಗನೇ, ನಿನ್ನ ಅವಸ್ಥೆ ನೋಡಕ್ಕಾಗಲ್ಲ. ಲೇಗೋಸಲ್ಲಿ ಲೇಸರ್ ಹಾಕಿ ಬೆವರಿನ ಗ್ರಂಥಿನೇ ಸುಟ್ಟುಬಿಡ್ತಾರಂತೆ. ಖರ್ಚು ನಂದು."

"ಡ್ಯಾಡಿ, ಈ ಋಣ ಹೆಂಗೆ ತೀರಿಸ್ಲಿ?" ಎಂದು ಪೆದ್ದ ಅವರ ಕಾಲು ಹಿಡಿದು ಅತ್ತ.

ಲೇಗೋಸಿನ ಡಾಕ್ಟರು ಕಂಕುಳು ಮರಗಟ್ಟಿಸಿ, ಸಣ್ಣ ತೂತು ಕೊರೆದು, ಲೇಸರಿನ ತೆಳ್ಳನೆಯ ಎಳೆಯೊಂದನ್ನು ಚರ್ಮದಡಿ ತೂರಿಸಿದರು. ತನ್ನದೇ ಮಾಂಸ ಸುಡುವ ವಾಸನೆ ಎಸೋಸಾನ ಮೂಗಿಗೆ ಬಡಿಯಿತು. ಗಾಯ ಮಾಗುವವರೆಗೆ ತೋಳು ಅಗಲಿಸಿಕೊಂಡೇ ಮಲಗಿದ. ಮಾಗಿದ ಮೇಲೆ ತಿಳಿನೀಲಿ ಅಂಗಿ ಹೊಲಿಸಿ, ಕೋಟಿಲ್ಲದೆ ವೇದಿಕೆ ಹತ್ತಿ, ಎರಡೂ ಕೈ ಮೇಲೆತ್ತಿದ. ಜೀವಮಾನದಲ್ಲಿ ಅಷ್ಟು ಖುಷಿ ಅವನಿಗೆ ಎಂದೂ ಆಗಿರಲಿಲ್ಲ.

ಸಭೆಯ ಕಣ್ಣೆಲ್ಲ ಆ ಒಣ ಕಂಕುಳ ಮೇಲೆ ನೆಟ್ಟಿತು. ಇಯೊಬೊ ಅಜ್ಜಿ ವೇದಿಕೆಗೇ ಬಂದು ಅವನ ಕಂಕುಳು ಮುಟ್ಟಿ ನೋಡಿದಳು. "ಬತ್ತೋಗಿದೆ. ಏನ್ ಪಾಪ ಮಾಡ್ದೆ ನೀನು?"

ಎಸೋಸಾ ಪಾಸ್ಟರ ಕಡೆ ತಿರುಗಿದ. ಕಳಿಸಿದವನು ನಾನೇ ಎಂದು ಅವರೊಂದು ಮಾತು ಹೇಳಿದ್ದರೆ ಸಾಕಿತ್ತು. ಅವರು ಕಣ್ಣು ಮುಚ್ಚಿ, ಇಂಗ್ಲಿಷಿನಲ್ಲಿ, ಪವಿತ್ರಾತ್ಮ ಈ ಮನುಷ್ಯನನ್ನು ಬಿಟ್ಟುಹೋಗಿದೆ ಎಂದರು. ಆಮೇಲೆ ಎಂದಿನಂತೆ ದುಭಾಷಿಗಾಗಿ ತಡೆದು ನಿಂತರು.

ಇಂಗ್ಲಿಷ್ ಬಾರದ ಸಭೆ ಎಸೋಸಾನ ಬಾಯನ್ನೇ ನೋಡುತ್ತಿತ್ತು. ಹೇಳಿದ್ದನ್ನು ಹೇಳಿದರೆ ಕೆಲಸವಾದರೂ ಉಳಿದೀತು ಎಂದುಕೊಂಡು ಅವನು ಅದನ್ನು ಎಡೋದಲ್ಲಿ ಗಟ್ಟಿಯಾಗಿ ಹೇಳಿದ. ಇಂದಿನಿಂದ ಇವನಿಗೆ ಈ ವೇದಿಕೆಯಿಲ್ಲ ಎಂದರು ಪಾಸ್ಟರು. ಅವನು ಅದನ್ನೂ ಹೇಳಿದ. ಸಭೆ ಎದ್ದು ನಿಂತು ಆಮೆನ್ ಎಂದಿತು.