ದಪ್ಪ ಹಿಡಿಯ ಕ್ರೋಶಾ ಸೂಜಿ

ಆ ಸೂಜಿಗಳು ಎಲ್ಲಿ ಸಿಕ್ಕವು ಎಂಬುದಕ್ಕೆ ನನ್ನಲ್ಲಿ ಎರಡು ನೆನಪುಗಳಿವೆ. ಒಂದರಲ್ಲಿ ಬೆಳಗಾವಿಯ ಭಾನುವಾರದ ಹಳೇ ಸಾಮಾನಿನ ಬಜಾರು. ತಾಡಪತ್ರಿಯ ಮೇಲೆ ಕೀಲಿಯಿಲ್ಲದ ಬೀಗಗಳು, ಹಲ್ಲು ಸವೆದ ಗರಗಸ, ನಡುವೆ ಸೂಜಿಗಳಿದ್ದ ಒಂದು ಬಿಸ್ಕೀಟಿನ ಡಬ್ಬಿ. ಇನ್ನೊಂದರಲ್ಲಿ ರಾಮತೀರ್ಥ ನಗರದ ಒಂದು ಮನೆ; ಊರು ಬಿಡುವವರು ಮಾರಲೆಂದು ಅಂಗಳದಲ್ಲಿ ಸಾಮಾನು ಹರವಿದ್ದಾರೆ, ಅದೇ ಡಬ್ಬಿ ಕಟ್ಟೆಯ ಮೇಲಿದೆ. ಆ ತಿಂಗಳುಗಳಲ್ಲಿ ಇಂಥ ಕಡೆಯೆಲ್ಲ ಕುಕ್ಕರಗಾಲಲ್ಲಿ ಕೂತು ಹುಡುಕಿದ್ದೆ. ಒಂದರ ಬಿಸಿಲು ಇನ್ನೊಂದರೊಳಗೆ ಸೇರಿರಬೇಕು. ಮಾರಿದ ಹೆಂಗಸಿನ ಮಾತು ಮಾತ್ರ ಎರಡರಲ್ಲೂ ಒಂದೇ: "ಈಗ ಯಾರ್ ಹೆಣೀತಾರ್ರೀ ಇದನ್ನ?"

ಅಕ್ಕ ಹೆಣೆಯುತ್ತಿದ್ದಳು. ಖಾನಾಪುರದ ಅವಳ ಮನೆಯಲ್ಲಿ ಬಾಗಿಲ ತೋರಣ, ಟಿವಿಯ ಹೊದಿಕೆ, ನೀರಿನ ತಂಬಿಗೆಯ ಮುಸುಕು ಎಲ್ಲವೂ ಅವಳ ಕ್ರೋಶಾ. ಲಕ್ವಾ ಹೊಡೆದ ಮೇಲೆ ಮಾತು ಮರಳಿತು, ನಡಿಗೆಯೂ ಮರಳಿತು. ಬಲಗೈ ಬೆರಳುಗಳು ದಾರ ಹಿಡಿಯುವಷ್ಟು ಮಡಚುತ್ತಿದ್ದವು, ಸೂಜಿ ಆಡಿಸಲು ಆಗುತ್ತಿರಲಿಲ್ಲ. ಹಾಗಾದರೆ ಎಡಗೈಯಿಂದ ಕಲಿಯುತ್ತೇನೆ ಎಂದಳು. ಅಂಗಡಿಯ ತೆಳ್ಳನೆಯ ಸೂಜಿ ಎಡಗೈಯಿಂದ ಜಾರಿ ಬೀಳುತ್ತಿತ್ತು. ಹಿಂದೆ ಕಟ್ಟಿಗೆಯ ದಪ್ಪ ಹಿಡಿಯವು ಬರುತ್ತಿದ್ದವು, ಅಂಥದ್ದು ಹುಡುಕಿಕೊಡು ಎಂದಳು. ಕಾಯಿಲೆ ಬಿದ್ದಾಗಿನಿಂದ ಅವಳು ನನ್ನನ್ನು ಕೇಳಿದ್ದು ಅದೊಂದೇ.

ಡಬ್ಬಿಯಲ್ಲಿ ದಪ್ಪ ಹಿಡಿಯವು ಎರಡಿದ್ದವು. ಒಂದನ್ನು ಎಡಗೈಯಲ್ಲಿ ತಿರುವಿ ನೋಡಿದಳು, ಹಿಡಿ ಕೂತಿತು. ಆದರೆ ಕೊಕ್ಕೆ ಯಾವ ಕಡೆಯಿಂದ ದಾರಕ್ಕೆ ಹೋಗಬೇಕೆಂದು ಆ ಕೈಗೆ ತಿಳಿಯಲಿಲ್ಲ. ಮತ್ತೆ ಮತ್ತೆ ದಾರ ಸಿಕ್ಕಾಯಿತು. ಸೂಜಿಯನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿ ಎದ್ದಳು. ಚಹಾಕ್ಕೆ ಎದ್ದಳೆಂದುಕೊಂಡೆ. ಅವಳು ಇನ್ನೊಂದು ಕುರ್ಚಿ ಎಳೆದು ತಂದು ತನ್ನ ಕುರ್ಚಿಗೆ ಎದುರಾಗಿ ಇಟ್ಟಳು.

"ಇಲ್ಲಿ ಕುಂದರು. ನೀ ಬಲಗೈಲೆ ಮಾಡು. ಕನ್ನಡಿ ನೋಡಿದಂಗ ನೋಡಿ ನಾ ಎಡಗೈಲೆ ಮಾಡ್ತೀನಿ."

ನನಗೆ ಗುಂಡಿ ಹಚ್ಚಲೂ ಬಾರದು ಎಂದೆ. ಕಲಿಸುತ್ತೇನೆ ಎಂದಳು. ದಾರ ಸುತ್ತು, ಕೊಕ್ಕೆಗೆ ಹಿಡಿ, ಒಳಗಿಂದ ಎಳೆ ಎಂದು ಅವಳು ಬಾಯಲ್ಲಿ ಹೇಳುವುದು, ನಾನು ತಪ್ಪುವುದು.

"ನನಗರ ಲಕ್ವಾ ಹೊಡದೈತಿ. ನಿನ್ನ ಕೈಗೇನ್ ಧಾಡಿ ಬಡದೈತಿ?"

ಅಂತೂ ಒಂದು ಗೇಣು ದಾರದ ಸರಪಳಿಯಾಯಿತು. ಅವಳ ಮಡಿಲಲ್ಲೂ ಅಂಥದ್ದೇ ಒಂದು. ನಾನು ದಾರ ಬಿಗಿದು ಎಳೆದಿದ್ದೆ, ನನ್ನನ್ನು ನೋಡಿ ಅವಳೂ ಹಾಗೇ ಎಳೆದಿದ್ದಳು. ಅಷ್ಟು ಕೆಟ್ಟ ಹೆಣಿಕೆ ಅವಳ ಕೈಯಿಂದ ಎಂದೂ ಬಂದಿರಲಿಕ್ಕಿಲ್ಲ. ನಕ್ಕು ನಕ್ಕು ಕಣ್ಣು ಒರೆಸಿಕೊಂಡು ಎರಡನ್ನೂ ಬಿಚ್ಚಿದಳು. "ಕುತ್ತಿಗಿ ಹಿಚಕಿದಂಗ ಹಿಡೀಬ್ಯಾಡೋ ತಮ್ಮಾ. ನಿನ್ನ ನೋಡಿ ನಾನೂ ಕೆಡ್ತೀನಿ."

ಮುಂದಿನದು ಅದೇ ಮಧ್ಯಾಹ್ನ ಆಯಿತೋ, ಆಮೇಲಿನ ಭಾನುವಾರಗಳನ್ನೆಲ್ಲ ಒಂದಕ್ಕೇ ಸೇರಿಸಿ ಹೇಳುತ್ತಿದ್ದೇನೋ. ಒಂದೇ ಮಧ್ಯಾಹ್ನದಲ್ಲಿ ಯಾವ ಕೈಯೂ ಕಲಿಯುವುದಿಲ್ಲ. ನೆನಪಿಗೆ ಮಾತ್ರ ಅಷ್ಟು ಸಾಕು. ಒಮ್ಮೆ ತಲೆಯೆತ್ತಿದಾಗ ಅಕ್ಕ ನನ್ನ ಕೈ ನೋಡುತ್ತಿರಲಿಲ್ಲ. ಅವಳ ಕಣ್ಣು ತನ್ನ ಎಡಗೈಯ ಮೇಲಿತ್ತು. ಸರಪಳಿ ಮೊಣಕಾಲು ದಾಟಿ ನೆಲದ ಕಡೆಗೆ ಇಳಿದಿತ್ತು. ಎದುರಿನ ಕುರ್ಚಿಯ ಕೆಲಸ ಮುಗಿದಿತ್ತು. ಏಳು ಎಂದು ಅವಳು ಹೇಳಲಿಲ್ಲ. ನಾನು ಹೆಣೆಯುತ್ತಲೇ ಕೂತೆ.