ಅಲುಗದ ಮಲ್ಲಿಗೆ

"ಪ್ಲಾಸ್ಟಿಕ್ ಹೂವು ತೋರಿಸಿ ಯಾರನ್ನೇ ಯಾಮಾರಿಸ್ತೀಯಾ?" ನಾನು ತೆಗೆದ ಫೋಟೊ ನೋಡಿ ಅಜ್ಜಿ ಮೈಸೂರಿನಿಂದ ಅಮ್ಮನನ್ನು ಕೇಳಿದ್ದು ಇಷ್ಟೇ. ಅಮ್ಮನ ಮುಖ ಬಾಡಿತು.

ಕುವೈತಿನಲ್ಲಿ ಮಲ್ಲಿಗೆ ಅರಳುವುದಿಲ್ಲ ಎಂಬುದು ಅಜ್ಜಿಯ ವಾದ. ಅದನ್ನು ಸುಳ್ಳು ಮಾಡಲೆಂದೇ ಅಮ್ಮ ಹವಲ್ಲಿಯ ನಮ್ಮ ಫ್ಲ್ಯಾಟಿನ ಕಿಟಕಿಯ ಪಕ್ಕ ವರ್ಷಗಟ್ಟಲೆ ಒಂದು ಕುಂಡ ಸಾಕಿದ್ದರು. ಕೊನೆಗೂ ಅರಳಿದ್ದು ಒಂದೇ ಹೂವು. ಸಾಕ್ಷಿ ಒದಗಿಸುವ ಹೊಣೆ ಮನೆಯ ಚರ್ಚಾಪಟುವಾದ ನನ್ನ ಮೇಲೆ ಬಿತ್ತು.

ಎಸಳಿನ ಗೆರೆಯೂ ಕಾಣುವಷ್ಟು ಹತ್ತಿರದಿಂದ ತೆಗೆಯಲು ಮೇಜಿನ ಮೇಲಿಡುವ ಟ್ರೈಪಾಡ್ ಬೇಕಿತ್ತು. ಅಂಗಡಿಯವನು ಬಾಗುವ ಕಾಲಿನದನ್ನು ಬಹಳ ಹೊಗಳಿದ. ಅದರ ಮೇಲೆ ನನ್ನ ಕ್ಯಾಮೆರಾ ಕೂರಿಸಿದೆ. ಅದು ನಿಧಾನವಾಗಿ ಬಗ್ಗಿ ಅವನಿಗೇ ನಮಸ್ಕಾರ ಮಾಡಿತು. ವಾದ ಅಲ್ಲಿಗೆ ಮುಗಿಯಿತು. ಗಿಡ್ಡ ಕಾಲಿನ, ಭಾರದ ಲೋಹದ್ದನ್ನೇ ತಂದೆ.

ಆದರೂ ಚಿತ್ರ ಮಸುಕಾಯಿತು. ಅಲುಗುತ್ತಿದ್ದದ್ದು ಕ್ಯಾಮೆರಾ ಅಲ್ಲ, ಎಸಿ ಗಾಳಿಗೆ ಹೂವು. ಕುವೈತಿನ ಆಗಸ್ಟ್ ಸೆಕೆಯಲ್ಲಿ ಎಸಿ ಆರಿಸಿದೆವು. ಅಪ್ಪ ಬನಿಯನ್ನಿನಲ್ಲಿ ಕೂತು, ಉಸಿರು ಬಿಗಿಹಿಡಿದು ಸಹಕರಿಸಿದರು. ಈ ಸಲ ಬಂದ ಚಿತ್ರದಲ್ಲಿ ಹುಡುಕಿದರೂ ಕುಂದಿರಲಿಲ್ಲ. ಅದನ್ನೇ ಅಜ್ಜಿ ಪ್ಲಾಸ್ಟಿಕ್ ಅಂದದ್ದು.

ನಾನಿನ್ನೂ ಪ್ರತಿವಾದ ಸಿದ್ಧಪಡಿಸುತ್ತಿದ್ದೆ. ಅಷ್ಟರಲ್ಲಿ ಅಮ್ಮ ಎಸಿ ಹಾಕಿ, ಒಂದೇ ಕೈಯಲ್ಲಿ ಫೋನ್ ಹಿಡಿದು ವಿಡಿಯೊ ತೆಗೆದು ಕಳಿಸಿಬಿಟ್ಟರು. ಅದರಲ್ಲಿ ಹೂವೂ ನಡುಗುತ್ತಿತ್ತು, ಫೋನೂ ನಡುಗುತ್ತಿತ್ತು.

"ಹ್ಞಾಂ, ಅಲ್ಲಾಡ್ತಿದೆ. ಈಗ ಒಪ್ಪಿದೆ ಕಣೇ," ಎಂದರು ಅಜ್ಜಿ. "ದೇವರಿಗೆ ಮುಡಿಸು."

ಹೂವು ದೇವರ ಪಟದ ಮೇಲೇರಿತು. ಟ್ರೈಪಾಡ್ ಇನ್ನೂ ಮೇಜಿನ ಮೇಲಿದೆ, ಒಂದಿಷ್ಟೂ ಅಲುಗದೆ.