ಹಲ್ಲು ತೋರಿಸಲು ಹೋದ ವರ್ಷ

ಯಳಂದೂರಿನ ಬಸ್ ನಿಲ್ದಾಣದ ಹಿಂದೆ ನನ್ನದೊಂದು ಹೊಲಿಗೆ ಅಂಗಡಿ. ಕತ್ತರಿ ಪಕ್ಕದಲ್ಲೇ ಇದ್ದರೂ ದಾರವನ್ನು ಹಲ್ಲಿನಿಂದ ಕಡಿಯುವುದು ನನ್ನ ರೂಢಿ. ಒಂದು ಮಧ್ಯಾಹ್ನ, ಹೊಲಿಯುತ್ತಿದ್ದ ಬಿಳಿ ಅಂಗಿಯ ಕಾಲರಿನ ಮೇಲೆ ನಸುಗೆಂಪು ಚುಕ್ಕಿ ಕಂಡಿತು. ನನ್ನ ವಸಡಿನ ರಕ್ತ. ವಸಡು ವರ್ಷಗಳಿಂದ ಒಸರುತ್ತಿತ್ತು. ಬಾಯಿ ಮುಕ್ಕಳಿಸಿ ಮರೆಯುತ್ತಿದ್ದೆ. ಅಂದು ಅಂಗಿ ಒಗೆದು ಹರವಿ, ಅದು ಗಾಳಿಗೆ ತೋಳು ಬೀಸುವುದನ್ನು ನೋಡುತ್ತಾ ಎಷ್ಟೋ ಹೊತ್ತು ಕುಳಿತೆ. ಆ ದಿನಗಳಲ್ಲಿ ಹಾಗೇ ಆಗುತ್ತಿತ್ತು. ಕೂತಲ್ಲೇ ಮಂಪರು, ನನ್ನದೇ ಮೆಷಿನ್ನಿನ ಸದ್ದು ಎಲ್ಲೋ ದೂರದಲ್ಲಿ ನೀರು ಹರಿದಂತೆ ಕೇಳುತ್ತಿತ್ತು.

ಅಗರದಿಂದ ಬಂದ ಅಕ್ಕ ಬೈದಳು. "ಬಾಯೆಲ್ಲ ನಾರ್ತದೆ ಕಣವ್ವ. ನಡಿ, ಕೊಳ್ಳೇಗಾಲಕ್ಕೆ ಓಗವ."

ಅಲ್ಲಿನ ದಂತವೈದ್ಯೆ ನನ್ನ ವಸಡು ಒತ್ತಿ ನೋಡಿದರು. ಆಮೇಲೆ ಕೆಳರೆಪ್ಪೆ ಎಳೆದರು, ಊದಿದ್ದ ಪಾದದ ಮೇಲೆ ಬೆರಳೂರಿದರು. ಬಿದ್ದ ಗುಳಿ ಹಾಗೇ ನಿಂತಿತು.

"ಬಿ.ಪಿ. ಇದೆಯಾ?"

"ಗೊತ್ತಿಲ್ಲ ಮೇಡಂ, ಯಾವತ್ತೂ ನೋಡ್ಸಿಲ್ಲ."

"ಹಲ್ಲು ಆಮೇಲೆ. ಮೊದಲು ರಕ್ತ, ಮೂತ್ರ ಪರೀಕ್ಷೆ ಮಾಡಿಸಿ."

ಪರೀಕ್ಷೆಯ ಚೀಟಿ ಬಂದ ಮೇಲೆ ಅವರು ನಮ್ಮನ್ನು ಕಿಡ್ನಿ ವೈದ್ಯರ ಬಳಿ ಕಳಿಸಿದರು. ಚೀಟಿ ನೋಡಿದ ಆ ವೈದ್ಯರು, ಎರಡೂ ಕಿಡ್ನಿಗಳು ಅರ್ಧಕ್ಕಿಂತ ಹೆಚ್ಚು ಸೋತಿವೆ ಎಂದರು. ಅಕ್ಕನಿಗೆ ಸಿಟ್ಟೇ ಬಂತು.

"ಇದೇನ್ ಸಾ, ಅಲ್ಲು ತೋರ್ಸಕ್ಕೆ ಓದ್ರೆ ಕಿಡ್ನಿ ಅಂತೀರಲ್ಲ! ಬಾಯಿ ಎಲ್ಲದೆ, ಕಿಡ್ನಿ ಎಲ್ಲದೆ?"

ಅವರು ನಗಲಿಲ್ಲ. "ಎರಡರಲ್ಲೂ ಹರಿಯೋ ರಕ್ತ ಒಂದೇ ಅಲ್ವೇನಮ್ಮ? ವಸಡಿನ ಸೋಂಕು ಕಿಡ್ನಿಗೂ ಭಾರ ಆಗಬಹುದು. ಕಿಡ್ನಿ ಸೋತರೆ ವಸಡೂ ಬೇಗ ಕೆಡುತ್ತೆ. ಯಾವುದು ಮೊದಲು ಅಂತ ನಾನೂ ಹೇಳಲಾರೆ. ಎರಡನ್ನೂ ನೋಡ್ಕೋಬೇಕು."

ವಾಪಸು ಬರುವಾಗ ಬಸ್ಸಿನ ಕಿಟಕಿಯಾಚೆ ಕಬ್ಬು, ಬೆಳ್ಳಕ್ಕಿ, ಅವುಗಳ ಹಿಂದೆ ನೀಲಿಯಾಗಿ ತೇಲುವ ಬಿಳಿಗಿರಿ. ಹೆದರಿಕೆ ಆಮೇಲೆ ಬಂತು. ಆಗ ಬರೀ ಬೆರಗು: ನನಗೇ ತಿಳಿಯದಂತೆ ನನ್ನೊಳಗೆ ಇಷ್ಟು ವರ್ಷ ಏನೇನು ಹರಿದಾಡುತ್ತಿತ್ತೋ.

ಬಿ.ಪಿ. ಮಾತ್ರೆ ಶುರುವಾಯಿತು, ಉಪ್ಪಿನಕಾಯಿ ಮನೆ ಬಿಟ್ಟಿತು. ದಂತವೈದ್ಯೆ ನಾಲ್ಕು ಸಲ ಕರೆಸಿ ಹಲ್ಲಿನ ಬುಡ ಶುಚಿ ಮಾಡಿದರು; ಸಡಿಲಾಗಿದ್ದ ಎರಡು ಹಲ್ಲು ತೆಗೆದರು. ತಿಂಗಳೆರಡರಲ್ಲಿ ವಸಡು ಗಟ್ಟಿಯಾಯಿತು. ಕಿಡ್ನಿ ಸುಧಾರಿಸಲಿಲ್ಲ. ಆದರೆ ಈ ವರ್ಷದ ಪರೀಕ್ಷೆಯಲ್ಲೂ ಅದು ಇನ್ನಷ್ಟು ಕೆಡದೆ ಇದ್ದಲ್ಲೇ ಇತ್ತು.

"ವಾಸಿ ಆಯ್ತಾ?" ವಾಪಸು ಬರುವ ಬಸ್ಸಿನಲ್ಲಿ ಅಕ್ಕ ಕೇಳಿದಳು.

"ಇಲ್ಲಕ್ಕ. ನಿಂತದೆ ಅಷ್ಟೆ."

"ನಿಂತ್ರೆ ಸಾಕು ಬುಡು," ಎಂದು ಅವಳು ನನ್ನ ಭುಜಕ್ಕೊರಗಿದಳು. ಬಿಸಿಲು ಮೆತ್ತಗಿತ್ತು. ಇಬ್ಬರೂ ತೂಕಡಿಸಿ, ಅವಳು ಇಳಿಯಬೇಕಿದ್ದ ಅಗರವನ್ನು ದಾಟಿಬಿಟ್ಟೆವು.